ಹನ್ನೊಂದು ರಾತ್ರಿಗೆ ಮೂರು ಲಕ್ಷ: ಗಾಡಿಯಲ್ಲಿ ಮಲಗಿದ ನನ್ನ ಅನುಭವ

ಹೋದ ದೀಪಾವಳಿಗೆ ಧಾರವಾಡದಿಂದ ಭಾವ ಫೋನ್ ಮಾಡಿ, "ಆ ಹಲಗಿ ಅಳತಿ ಕಳಸಪಾ" ಅಂದರು. ಕಾರಿನಲ್ಲಿ ನಾವು ಹಾಸಿ ಮಲಗುವ ಹಲಗೆಯದು. ನಾಲ್ಕು ವರ್ಷದ ಹಿಂದೆ ಮದುವೆ ಮನೆಯಲ್ಲಿ ಎಲ್ಲರೆದುರು, "ಗಾಡ್ಯಾಗ ಮಲಗಾಕ ನಿನಗೇನು ಮನಿ ಇಲ್ಲೇನು?" ಅಂತ ನಗಿಸಿದ್ದೂ ಇದೇ ಭಾವ.

ಕೈ ಸುಟ್ಟುಕೊಂಡದ್ದನ್ನೇ ಮೊದಲು ಹೇಳಿಬಿಡುತ್ತೇನೆ. ಗಾಡಿಯಲ್ಲೇ ಮಲಗಿ ತಿರುಗೋಣ ಅಂತ ಮೊದಲು ಕೊಂಡದ್ದು ಹನ್ನೆರಡು ವರ್ಷ ಓಡಿದ್ದ ಟೆಂಪೊ ಟ್ರಾವೆಲ್ಲರ್ ವ್ಯಾನು, ನಾಲ್ಕೂಕಾಲು ಲಕ್ಷದ ಆಸುಪಾಸು. ಕಂಪನಿ ಇಲ್ಲೇ ಪುಣೆ ಪಕ್ಕದ ಆಕುರ್ಡಿಯದು, ಬಿಡಿಭಾಗಕ್ಕೆ ಪರದಾಟವಿಲ್ಲ ಅನ್ನುವ ಧೈರ್ಯ. ಮಂಚ, ಸಿಂಕು, ಸೋಲಾರ್, ಬ್ಯಾಟರಿಗೆ ಮತ್ತೆರಡು ಲಕ್ಷ. ಸೀಟು ಕಿತ್ತು ಮಂಚ ಬಡಿದ ಮೇಲೆ ಅದು ಆರ್‌ಸಿಯಲ್ಲಿ ಬರೆದ ಗಾಡಿಯೇ ಅಲ್ಲ ಅಂತ ಹೊಳೆದದ್ದು ವಿಮೆ ಕಟ್ಟುವಾಗ. ಗಾಡಿಯ ಬದಲಾವಣೆ ಕುರಿತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆಗ ಓದಿದೆ, ಕೊಳ್ಳುವ ಮೊದಲು ಓದಬೇಕಿತ್ತು. ಚಿಂಚವಡದ ನಮ್ಮ ಸೊಸೈಟಿಯವರು ಗೇಟಿನೊಳಗೆ ಬಿಡಲಿಲ್ಲ. ರಾವೇತ ಕಡೆ ಖಾಲಿ ಜಾಗದಲ್ಲಿ ತಿಂಗಳಿಗೆ ಮೂರು ಸಾವಿರ ಕೊಟ್ಟು ನಿಲ್ಲಿಸಿದೆ. ಅಲ್ಲಿ ಬ್ಯಾಟರಿ ಸತ್ತಿತು, ಇಲಿ ವೈರು ಕಡಿಯಿತು. ಹದಿನಾಲ್ಕು ತಿಂಗಳಲ್ಲಿ ಮಲಗಿದ್ದು ಹನ್ನೊಂದು ರಾತ್ರಿ, ಮಾರಿದಾಗ ಮೂರು ಲಕ್ಷ ಮಣ್ಣು. ಹೆಂಡತಿ ಮೊಬೈಲಿನಲ್ಲಿ ಲೆಕ್ಕ ಒತ್ತಿ ತೋರಿಸಿದಳು: ರಾತ್ರಿಗೆ ಇಪ್ಪತ್ತೇಳು ಸಾವಿರ. ಬಾಯಲ್ಲಿ ಏನೂ ಹೇಳಲಿಲ್ಲ.

ವರ್ಷಕ್ಕೆ ಇಪ್ಪತ್ತೈದು ರಾತ್ರಿ ತಿರುಗುವವನ ಗಾಡಿ ಮಿಕ್ಕ ಮುನ್ನೂರ ನಲವತ್ತು ದಿನ ಮನೆಗೆ ದುಡಿಯಬೇಕು. ಚಾಕಣಕ್ಕೆ ಕೆಲಸಕ್ಕೆ ಹೋಗಲು ಹೇಗೂ ಕಾರು ಬೇಕಿತ್ತು, ಹಳೇ ಪೆಟ್ರೋಲ್ ಎರ್ಟಿಗಾ ತಂದೆ. ಹಿಂದಿನ ಎರಡೂ ಸಾಲು ಮಡಚಿ, ಮುಂದಿನ ಸೀಟಿನ ಬೆನ್ನಿಗೆ ಉಳಿಯುವ ಗುಂಡಿಗೆ ಒಂದು ಪೆಟ್ಟಿಗೆ, ಮೇಲೆ 12 ಎಂಎಂ ಪ್ಲೈವುಡ್ಡಿನ ಮೂರು ತುಂಡು. ಗಾಡಿಗೆ ಒಂದು ಮೊಳೆ ಹೊಡೆದಿಲ್ಲ. ಸೋಮವಾರ ಹಲಗೆ ಬಾಲ್ಕನಿ ಸೇರುತ್ತದೆ, ಸೀಟು ಎದ್ದು ಕೂರುತ್ತವೆ. ಫೋಮು, ಸೊಳ್ಳೆ ಪರದೆ, ಪುಟ್ಟ ಫ್ಯಾನು, ಅದರ ಬ್ಯಾಟರಿ ಸೇರಿ ಮೂವತ್ತು ಸಾವಿರ ದಾಟಲಿಲ್ಲ.

ಮೊದಲ ಪರೀಕ್ಷೆ ಮಳೆಗಾಲದ ಅಂಬೋಲಿಯಲ್ಲಿ. ಗಾಜು ಪೂರ್ತಿ ಏರಿಸಿ ಮಲಗಿದೆವು. ರಾತ್ರಿ ಮೂರಕ್ಕೆ ಹಣೆ ಮೇಲೆ ತಣ್ಣಗೆ ಒಂದು ಹನಿ. ಸೋರುತ್ತಿದೆ ಅಂತ ಟಾರ್ಚು ಹಿಡಿದು ಬಾಗಿಲ ರಬ್ಬರು ತಡವಿದರೆ ಒಣಗಿಯೇ ಇತ್ತು. ನಮ್ಮದೇ ಉಸಿರು ಗಾಜಿಗೆ ಹನಿಗಟ್ಟಿ ಜಾರುತ್ತಿತ್ತು. ಬೆಳಿಗ್ಗೆ ಫೋಮು ಎತ್ತಿದರೆ ಹಲಗೆಯೂ ಬೆವೆತಿತ್ತು. ಹಲಗೆಗೆ ಅಂಗೈಗೊಂದರಂತೆ ತೂತು ಕೊರೆಸಿದೆ, ಆ ಕಾಟ ಹೋಯಿತು. ಮಳೆಯಲ್ಲಿ ಗಾಜು ಎರಡು ಬೆರಳು ಇಳಿಸಿಯೂ ಒಳಗೆ ಹನಿ ಬೀಳದಂತೆ ಮಾಡುವ ಉಪಾಯ ಒಂದಿದೆ. ಅದನ್ನು ಭಾವನಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ನಡುವೆ ಒಂದು ಹುಚ್ಚು. ಸಾತಾರಾ ಹತ್ತಿರದ ಕಾಸ್ ಪ್ರಸ್ಥಭೂಮಿಯ ದಾರಿಯಲ್ಲಿ ಡಬ್ಬಿ ಗ್ಯಾಸಿನ ಒಲೆ ಇಟ್ಟು ಬಿಸಿ ಜೋಳದ ರೊಟ್ಟಿ ಬಡಿಯುವ ಹಟ. ಗಾಳಿಗೆ ಹಿಟ್ಟು ಹಾರಿತು, ರೊಟ್ಟಿ ಒಂದು ಮಗ್ಗುಲು ಕರಕಲು, ಇನ್ನೊಂದು ಹಸಿ. ಈಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಒಲೆ ಚಹಾಕ್ಕೆ ಮಾತ್ರ.

ಮೂರು ವರ್ಷದಲ್ಲಿ ಎಪ್ಪತ್ತರ ಹತ್ತಿರ ರಾತ್ರಿ ಮಲಗಿದ್ದೇವೆ. ಲಾಡ್ಜಿಗೆ ಒಂದೂವರೆ ಸಾವಿರ ಹಿಡಿದರೂ ಲಕ್ಷ ಉಳಿದಿದೆ. ಧಾರವಾಡಕ್ಕೆ ನಾನೂರು ಕಿಲೋಮೀಟರ್ ಮೇಲಾಗುತ್ತದೆ, ಎರ್ಟಿಗಾ ಲೀಟರಿಗೆ ಹದಿನಾಲ್ಕು ಕೊಡುತ್ತದೆ, ಹೋಗಲು ಮೂರು ಸಾವಿರದ ಪೆಟ್ರೋಲು, ಟೋಲ್ ಬೇರೆ. ಟ್ರಾವೆಲ್ಲರ್ ಇದ್ದಾಗ ನಿಪ್ಪಾಣಿ ಮುಟ್ಟುವುದರೊಳಗೆ ಡೀಸೆಲ್ ಮುಳ್ಳು ನೋಡಲು ಭಯವಾಗುತ್ತಿತ್ತು. ಢಾಬಾದ ಅಂಗಳದಲ್ಲಿ ಊಟ ಮಾಡಿ ಕೇಳಿದರೆ ನಿಲ್ಲಲು ಯಾರೂ ಬೇಡ ಅಂದಿಲ್ಲ, ಸ್ನಾನಕ್ಕೆ ಐವತ್ತು ರೂಪಾಯಿ.

ಪ್ರತಿ ಮೂರನೇ ರಾತ್ರಿ ಮಾತ್ರ ಲಾಡ್ಜು. ಅದು ಹೆಂಡತಿಯ ಷರತ್ತು, ಆ ಖರ್ಚನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.