ತುಕ್ಕು ಹಿಡಿದ ಬೀಡಿನ ಕಾವಲಿಯನ್ನು ಮತ್ತೆ ಪಳಗಿಸುವುದು

ಅಟ್ಟದ ಮೇಲೆ ಬಿದ್ದು ಮೈಯೆಲ್ಲ ಕೆಂಪಾದ ಬೀಡಿನ (ಎರಕದ ಕಬ್ಬಿಣದ) ಕಾವಲಿಯನ್ನು ಗುಜರಿಗೆ ಹಾಕಬೇಡಿ. ತುಕ್ಕು ಹೆಚ್ಚಾಗಿ ಮೇಲ್ಮೈಯಲ್ಲಷ್ಟೇ ಇರುತ್ತದೆ. ಮೊದಲು ನೋಡಬೇಕಾದ್ದು ಬಿರುಕು. ಕಾವಲಿಯನ್ನು ಹಿಡಿಯಿಂದ ಎತ್ತಿ ಹಿಡಿದು ಚಮಚದಿಂದ ತಟ್ಟಿ. ಠಣ್ ಎಂದರೆ ಗಟ್ಟಿಯಿದೆ. ಒಡಕು ಸದ್ದು ಬಂದರೆ ಬಿರುಕಿರುವ ಸಾಧ್ಯತೆ ಹೆಚ್ಚು. ಅಂಥದ್ದು ಕಾವೇರಿದಾಗ ಬಾಯಿಬಿಡುತ್ತದೆ, ಅದಕ್ಕೆ ಕೈಯಿಕ್ಕುವುದು ವ್ಯರ್ಥ.

ತೆಳು ತುಕ್ಕಿಗೆ ಎರಡು ಚಮಚ ಕಲ್ಲುಪ್ಪು, ಒಂದು ಚಮಚ ಎಣ್ಣೆ ಹಾಕಿ ಸ್ಟೀಲ್ ನಾರಿನಿಂದ ತಿಕ್ಕಿದರೆ ಸಾಕು. ದಪ್ಪಗೆ ಕಟ್ಟಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಮುಳುಗಿಸಿಡಿ. 30 ನಿಮಿಷಕ್ಕೆ ತೆಗೆದು ಉಜ್ಜಿ. ಇನ್ನೂ ಉಳಿದಿದ್ದರೆ ಮತ್ತೊಮ್ಮೆ ಅಷ್ಟೇ ಹೊತ್ತು ಇಡಿ. ರಾತ್ರಿಯಿಡೀ ನೆನೆಸಬೇಡಿ. ತುಕ್ಕು ಕರಗಿದ ಮೇಲೆ ಆಮ್ಲ ಕಬ್ಬಿಣವನ್ನೇ ತಿನ್ನತೊಡಗಿ ಮೈ ಒರಟಾಗುತ್ತದೆ. ವಿನೆಗರ್ ಇಲ್ಲದಿದ್ದರೆ ಹುಣಸೆಹಣ್ಣಿನ ದಪ್ಪ ರಸವೂ ಆಗುತ್ತದೆ, ತುಸು ನಿಧಾನ. ಪಡ್ಡಿನ ಹಂಚಾದರೆ ಗುಳಿಗಳಿಗೇ ದ್ರಾವಣ ತುಂಬಿಸಿ, ತಳವನ್ನು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ತುಕ್ಕು ಉಳಿದುಕೊಳ್ಳುವುದು ಅಲ್ಲೇ.

ಆಮೇಲೆ ಸೋಪು ಹಾಕಿ ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ಒರೆಸಿ, ತಡಮಾಡದೆ ಸಣ್ಣ ಉರಿಯ ಮೇಲಿಡಿ. ಬರಿಮೈಯ ಕಬ್ಬಿಣವನ್ನು ಗಾಳಿಗೆ ಒಣಗಲು ಬಿಟ್ಟರೆ ನೋಡನೋಡುತ್ತಲೇ ಕಿತ್ತಳೆ ಬಣ್ಣದ ಪುಡಿ ಏಳುತ್ತದೆ. ಒಣಗಿದ ಕಾವಲಿ ಬೂದು ಬಣ್ಣಕ್ಕಿರಬೇಕು. ಬಿಳಿ ಬಟ್ಟೆಗೆ ಕಪ್ಪು ಹತ್ತಿದರೆ ಚಿಂತೆಯಿಲ್ಲ. ಕೆಂಪು ಹತ್ತಿದರೆ ಇನ್ನೊಮ್ಮೆ ತಿಕ್ಕಬೇಕು.

ಇನ್ನು ಪಳಗಿಸುವುದು. ಕಾವಲಿಯ ಮೇಲಿನ ಆ ಕಪ್ಪು ಹೊಳಪು ಬರಿಯ ಎಣ್ಣೆಯಲ್ಲ. ಎಣ್ಣೆ ಬಿಸಿಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿಕೊಂಡ ಪದರ ಅದು. ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಒಳ್ಳೆಯದು. ಕೊಬ್ಬರಿ ಎಣ್ಣೆ ಹೀಗೆ ಸುಲಭವಾಗಿ ಗಟ್ಟಿಯಾಗುವುದಿಲ್ಲ, ಈ ಕೆಲಸಕ್ಕೆ ಬೇಡ. ಬೆಚ್ಚಗಿರುವ ಕಾವಲಿಗೆ ಅರ್ಧ ಚಮಚ ಎಣ್ಣೆಯನ್ನು ಹಿಂದೆ, ಮುಂದೆ, ಹಿಡಿಗೆಲ್ಲ ಸವರಿ. ಈಗ ಒಣ ಬಟ್ಟೆ ತೆಗೆದುಕೊಂಡು, ಎಣ್ಣೆ ಹಚ್ಚಿದ್ದೇ ತಪ್ಪೆಂಬಂತೆ ಪೂರ್ತಿ ಒರೆಸಿಬಿಡಿ. ಕೆಲಸ ಕೆಡುವುದು ಬಹುಪಾಲು ಇಲ್ಲಿಯೇ. ದಪ್ಪಗೆ ಉಳಿದ ಎಣ್ಣೆ ಹನಿಗಟ್ಟಿ, ತಣ್ಣಗಾದ ಮೇಲೆ ಅಂಟಂಟಾಗುತ್ತದೆ. ಅದರ ಮೇಲೆ ದೋಸೆ ಏಳುವುದಿಲ್ಲ. ಪಡ್ಡಿನ ಹಂಚಿನಲ್ಲಿ ಎಣ್ಣೆ ಗುಳಿಗೆ ಇಳಿದು ನಿಲ್ಲುವುದರಿಂದ ಒಂದೊಂದನ್ನೂ ಬೆರಳಿಗೆ ಬಟ್ಟೆ ಸುತ್ತಿ ಒರೆಸಬೇಕು.

ಓಟಿಜಿ (ಮನೆಬಳಕೆಯ ವಿದ್ಯುತ್ ಓವನ್) ಇದ್ದರೆ, ಮರದ ಹಿಡಿ ಬಿಚ್ಚಿ, ಕಾವಲಿಯನ್ನು ಬೋರಲು ಹಾಕಿ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು, ಒಳಗೇ ಆರಲು ಬಿಡಿ. ಗ್ಯಾಸ್ ಒಲೆಯಾದರೆ ಮೊದಲು ಸಣ್ಣ ಉರಿಯಲ್ಲಿ 5 ನಿಮಿಷ, ಬಳಿಕ ಮಧ್ಯಮ ಉರಿಯಲ್ಲಿ ಹೊಗೆ ಎದ್ದು ಅಡಗುವವರೆಗೆ ಕಾಯಿಸಿ. ಉರಿ ನಡುವಿಗಷ್ಟೇ ತಾಗುವುದರಿಂದ ಕಾವಲಿಯನ್ನು ಆಗಾಗ ಸರಿಸಿ ಅಂಚಿಗೂ ಬಿಸಿ ಕೊಡಿ. ಕಿಟಕಿ ತೆರೆದಿರಲಿ. ಹೀಗೆ ಎಣ್ಣೆ ಸವರಿ, ಒರೆಸಿ, ಕಾಯಿಸುವುದನ್ನು ಮೂರರಿಂದ ಐದು ಸಲ ಮಾಡಿ. ಮೊದಲ ಸುತ್ತಿಗೆ ಕಂದು ಬಣ್ಣ ಬರುತ್ತದೆ, ಅಲ್ಲಲ್ಲಿ ಮಚ್ಚೆಯೂ ಇರಬಹುದು, ಬರಬರುತ್ತಾ ಕಪ್ಪಾಗುತ್ತದೆ. ಬಿಸಿ ಕಾವಲಿಗೆ ತಣ್ಣೀರು ಸುರಿಯಲೇಬೇಡಿ, ಬೀಡು ಸೀಳುತ್ತದೆ.

ಅಂಟಾಗಿಬಿಟ್ಟರೆ? ಹೊಸದಾಗಿ ಎಣ್ಣೆ ಹಚ್ಚದೆ ಇನ್ನೊಂದು ಗಂಟೆ ಕಾಯಿಸಿ ನೋಡಿ. ಆಗಲೂ ಬಿಡದಿದ್ದರೆ ಆ ಪದರವನ್ನು ತಿಕ್ಕಿ ತೆಗೆದು ಮತ್ತೆ ಹಚ್ಚುವುದೇ ದಾರಿ.

ಪಳಗಿದ ಕಾವಲಿಯಲ್ಲಿ ಮೊದಲಿಗೆ ಈರುಳ್ಳಿಯನ್ನು ಎಣ್ಣೆಯಲ್ಲಿ ಕಂದುಗಟ್ಟುವವರೆಗೆ ಹುರಿದು ತೆಗೆಯಿರಿ. ನಂತರ ಉದ್ದಿನ ದೋಸೆ ಹಾಕಿ. ನೀರ್‌ದೋಸೆಗೆ ಆತುರ ಬೇಡ, ಅದಕ್ಕೆ ಚೆನ್ನಾಗಿ ಪಳಗಿದ ಮೈ ಬೇಕು. ಟೊಮೆಟೊ, ಹುಣಸೆ ಹಾಕಿದ ಅಡುಗೆ ಹೊಸ ಪದರವನ್ನು ಕಿತ್ತೆಬ್ಬಿಸುತ್ತದೆ. ಬಳಸಿದ ಮೇಲೆ ನೆನೆಹಾಕದೆ ತೊಳೆದು, ಒಲೆಯ ಮೇಲೆ ಒಣಗಿಸಿ, ಎರಡೇ ಹನಿ ಎಣ್ಣೆ ಸವರಿಡಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟು, ಹಾಳೆ ತೇವವಾದಾಗ ಬದಲಿಸಿ.