ಹಳೆಯ ಕ್ಯಾಸೆಟ್ ಡೆಕ್: ಮಂಕು ದನಿ, ಅಲುಗಾಡುವ ಸ್ವರ

ಇವೆರಡೂ ಬೇರೆ ಬೇರೆ ದೋಷಗಳು. ಸ್ವರದ ಅಲುಗಾಟಕ್ಕೆ ಕಾರಣ ಸಡಿಲ ಬೆಲ್ಟ್ ಮತ್ತು ಗಟ್ಟಿಯಾಗಿ ಹೊಳಪೇರಿದ ಪಿಂಚ್ ರೋಲರ್ (ಟೇಪನ್ನು ಒತ್ತಿ ಎಳೆಯುವ ರಬ್ಬರ್ ಚಕ್ರ), ಎರಡನ್ನೂ ಬದಲಿಸಿದೆ. ವೇಗವನ್ನು ಆಮೇಲಷ್ಟೇ ಮುಟ್ಟಬೇಕು: 3150 ಹರ್ಟ್ಸ್ ಟೆಸ್ಟ್ ಟೇಪ್ ಹಾಕಿ, ಫ್ರೀಕ್ವೆನ್ಸಿ ಕೌಂಟರ್ ಅಷ್ಟೇ ತೋರಿಸುವವರೆಗೆ ಮೋಟಾರ್ ಹಿಂಬದಿಯ ಪ್ರಿಸೆಟ್ (ವೇಗ ಹೊಂದಿಸುವ ಪುಟ್ಟ ಸ್ಕ್ರೂ) ತಿರುಗಿಸಿದೆ.

ಟೇಪ್ ಓದುವ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೂ ಮಂಕು ಹೋಗಲಿಲ್ಲ. ಹಾಗಾದರೆ ಅಜಿಮತ್, ಅಂದರೆ ಟೇಪಿಗೆ ಹೆಡ್ ನಿಂತಿರುವ ಕೋನವೇ ತಪ್ಪಿದೆ. 10 ಕಿಲೋಹರ್ಟ್ಸ್ ಟೋನ್ ಹಾಕಿ, ಎರಡೂ ಚಾನೆಲ್ ಸೇರಿಸಿ ಮೋನೋದಲ್ಲಿ ಕೇಳುತ್ತಾ, ಹೆಡ್ ಪಕ್ಕದ ಸ್ಪ್ರಿಂಗ್ ಸ್ಕ್ರೂವನ್ನು ಟೋನ್ ಅತಿ ಜೋರಾಗುವವರೆಗೆ ಕೂದಲೆಳೆಯಷ್ಟೇ ತಿರುಗಿಸಬೇಕು. ಮೋನೋದಲ್ಲಿ ಸುಳ್ಳು ಏರಿಕೆಗಳೂ ಸಿಗುತ್ತವೆ; ಎಡ, ಬಲ ಮೀಟರ್‌ಗಳೂ ಗರಿಷ್ಠಕ್ಕೇರಿದ್ದರೆ ಮಾತ್ರ ಅದು ನಿಜವಾದ ಜಾಗ. ಅಲ್ಲಿ ಕದಲದಂತೆ ಸ್ಕ್ರೂಗೆ ಒಂದು ತೊಟ್ಟು ನೇಲ್ ಪಾಲಿಶ್ ಹಾಕಿದೆ. ಎಂಥಾ ಸ್ಪಷ್ಟ ದನಿ ಈಗ!

ಒಂದು ಎಚ್ಚರಿಕೆ: ಇದೇ ಡೆಕ್‌ನಲ್ಲಿ ಮೊದಲು, ಹಳೆಯ ತಪ್ಪು ಕೋನದಲ್ಲಿ, ರೆಕಾರ್ಡ್ ಮಾಡಿದ ಟೇಪುಗಳು ಇನ್ನು ಮುಂದೆ ಮಂಕಾಗಿ ಕೇಳಬಹುದು.