ಸಕ್ಕರೆ ನಾರ್ಮಲ್, ಇನ್ಸುಲಿನ್ 19

ಲ್ಯಾಬಿನಲ್ಲಿ ದಿನಾ ಬೇರೆಯವರ ರಕ್ತ ತೆಗೆಯುವ ನಾನು ನನ್ನ ಇನ್ಸುಲಿನ್ ಪರೀಕ್ಷೆ ಮಾಡಿಸಿಕೊಂಡಿದ್ದು ತೀರಾ ತಡವಾಗಿ. ಖಾಲಿ ಹೊಟ್ಟೆಯ ಸಕ್ಕರೆ ಪ್ರತಿ ವರ್ಷ ನೂರರ ಒಳಗೇ ಇರುತ್ತಿತ್ತು. ಆದರೆ ಸೊಂಟದ ಸುತ್ತ ಬೊಜ್ಜು ಏರುತ್ತಲೇ ಇತ್ತು. ಸುಮ್ನೆ ಒಂದು ಸಲ ನೋಡೋಣ ಅನಿಸಿತು.

ರಾತ್ರಿ ಊಟದ ನಂತರ ಹತ್ತು ಗಂಟೆ ಬರೀ ನೀರು. ಜೊತೆ ಕೆಲಸ ಮಾಡುವ ಹುಡುಗಿ ರಕ್ತ ತೆಗೆದಳು. ನರ ಸಿಗದೆ ಸೂಜಿಯನ್ನು ಆಚೀಚೆ ಆಡಿಸಿದಳು. ಟ್ಯೂಬನ್ನು ಸೆಂಟ್ರಿಫ್ಯೂಜಿನಿಂದ (ರಕ್ತವನ್ನು ಗಿರ್ರನೆ ತಿರುಗಿಸಿ ಬೇರ್ಪಡಿಸುವ ಮಷೀನು) ತೆಗೆದು ನೋಡಿದರೆ, ಮೇಲೆ ತಿಳಿಹಳದಿ ಇರಬೇಕಾದ ದ್ರವ, ಅಂದರೆ ಸೀರಮ್, ಗುಲಾಬಿ! ಕೆಂಪು ಕಣ ಒಡೆದಿವೆ. ಅವುಗಳೊಳಗಿನ ಒಂದು ಕಿಣ್ವ ಇನ್ಸುಲಿನ್ನನ್ನು ತುಂಡರಿಸಿಬಿಡುತ್ತದೆ, ಹಾಗಾಗಿ ಸಂಖ್ಯೆ ಇರುವುದಕ್ಕಿಂತ ಕಡಿಮೆ ಬರುತ್ತದೆ.

"ಆ ಕೈ ಕೊಡಕ್ಕ" ಅಂದಳು. ಆಗಲೇ ನೆನಪಾಯಿತು, ಕೂದಲು ಉದುರುತ್ತೆ ಅಂತ ನಾನು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದೆ. ಕೆಲವು ಮಷೀನುಗಳ ಲೆಕ್ಕವನ್ನು ಅದು ಕೆಡಿಸುತ್ತದೆ. ಬಂದವರಿಗೆಲ್ಲ ಕೇಳುವ ಪ್ರಶ್ನೆಯನ್ನು ನನಗೇ ಕೇಳಿಕೊಂಡಿರಲಿಲ್ಲ, ನೋಡಿ. ಮಾತ್ರೆ ಬಿಟ್ಟು ಮೂರು ದಿನ ಕಾದು ಮತ್ತೆ ಕೊಟ್ಟೆ.

ಸಕ್ಕರೆ 96, ಇನ್ಸುಲಿನ್ 19. ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿದ್ದ ಮೇಲಿನ ಮಿತಿ 25. ಎರಡೂ ನಾರ್ಮಲ್ ಅಲ್ವಾ? ಬಿಡಿಬಿಡಿಯಾಗಿ ನೋಡಿದರೆ ಹೌದು. ಒಟ್ಟಿಗೆ ಓದಲು 1985ರಿಂದ ಒಂದು ಲೆಕ್ಕವಿದೆ, ಹೋಮಾ-ಐಆರ್ ಅಂತ; ದೇಹ ಇನ್ಸುಲಿನ್ನಿನ ಮಾತಿಗೆ ಎಷ್ಟು ಬಗ್ಗುತ್ತಿಲ್ಲ ಅಂತ ಅದು ಅಂದಾಜು ಹೇಳುತ್ತದೆ. ಎರಡನ್ನೂ ಗುಣಿಸಿ 405ರಿಂದ ಭಾಗಿಸಬೇಕು. ನನಗೆ ಬಂದಿದ್ದು 4.5. ಎಲ್ಲರೂ ಒಪ್ಪಿದ ಗಡಿ ಇದಕ್ಕಿಲ್ಲ, ಆದರೂ ಎರಡೂವರೆ ದಾಟಿದರೆ ಡಾಕ್ಟರುಗಳು ಹುಬ್ಬೇರಿಸುತ್ತಾರೆ. ಅಂದರೆ ಆ 96ನ್ನು 96ರಲ್ಲಿ ಹಿಡಿದಿಡಲು ನನ್ನ ಮೇದೋಜೀರಕ ಗ್ರಂಥಿ ಮೈಮುರಿದು ದುಡಿಯುತ್ತಿತ್ತು. ಸಕ್ಕರೆಯೊಂದನ್ನೇ ನೋಡಿ ನಾನು ಆರಾಮಾಗಿದ್ದೆ.

ಯೂನಿಟ್ಟನ್ನೂ ನೋಡಿಕೊಳ್ಳಿ. ನನ್ನ ಇನ್ಸುಲಿನ್ ಸಂಖ್ಯೆ ಮೈಕ್ರೋಯೂನಿಟ್‌ನಲ್ಲಿತ್ತು. ಕೆಲವು ಲ್ಯಾಬುಗಳು ಪಿಕೋಮೋಲ್ ಎಂಬ ಬೇರೆ ಅಳತೆಯಲ್ಲಿ ಕೊಡುತ್ತವೆ, ಆಗ ಅದೇ ಇನ್ಸುಲಿನ್ ಸುಮಾರು ಆರು ಪಟ್ಟು ದೊಡ್ಡ ಸಂಖ್ಯೆಯಾಗಿ ಕಾಣುತ್ತದೆ. ಸುಮ್ನೆ ಗಾಬರಿ! ಕಿಟ್ ಬದಲಾದರೂ ಸಂಖ್ಯೆ ಬದಲಾಗುತ್ತದೆ, ಅದಕ್ಕೇ ಹೋಲಿಸಬೇಕಾದರೆ ಅದೇ ಲ್ಯಾಬಿಗೇ ಹೋಗಿ. ಇನ್ಸುಲಿನ್ ಚುಚ್ಚಿಕೊಳ್ಳುವವರ ಕತೆ ಬೇರೆ. ಅವರ ದೇಹ ಎಷ್ಟು ತಯಾರಿಸುತ್ತಿದೆ ಅಂತ ತಿಳಿಯಲು ಸಿ-ಪೆಪ್ಟೈಡ್ ನೋಡಬೇಕು; ದೇಹ ಇನ್ಸುಲಿನ್ ತಯಾರಿಸುವಾಗ ಜೊತೆಗೇ ಹೊರಬರುವ ತುಣುಕು ಅದು, ಇಂಜೆಕ್ಷನ್ನಿನ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ.

ಡಾಕ್ಟರು ಮಾತ್ರೆ ಬರೆಯಲಿಲ್ಲ. ಊಟವಾದ ಮೇಲೆ ನಡೆಯಿರಿ, ತೂಕ ಇಳಿಸಿ ಅಂದರು. ಐದು ತಿಂಗಳ ನಂತರ ಅದೇ ಹುಡುಗಿ, ಅದೇ ಕುರ್ಚಿ. ಈ ಸಲ ಮೊದಲ ಚುಚ್ಚಿಗೇ ನರ ಸಿಕ್ಕಿತು. ಸೀರಮ್ ತಿಳಿಹಳದಿ. ಸಕ್ಕರೆ 91, ಇನ್ಸುಲಿನ್ 11.